ಇಪ್ಪತ್ತೇಳನೆಯ ಪ್ಲಾಟಿನ ಹಸಿರು

ಕಳೆದ ಸೀಗಿ ಹುಣ್ಣಿಮೆಯ ದಿನ, ರಾಣೆಬೆನ್ನೂರಿನಿಂದ ಮೇಡ್ಲೇರಿಗೆ ಹೊರಟಿದ್ದ ಟಂಟಂ ಗಾಡಿಯಲ್ಲಿ, ನನ್ನ ಮೊಣಕಾಲಿಗೆ ಒತ್ತಿಕೊಂಡಂತೆ ಒಂದು ಬಿದಿರಿನ ಬುಟ್ಟಿ ಇತ್ತು. ಅದನ್ನು ಹಿಡಿದು ಕುಳಿತಿದ್ದ ಹೆಣ್ಣುಮಗಳು ಗಾಡಿ ಕುಲುಕಿದಾಗಲೆಲ್ಲ ಮೇಲೆ ಹೊದಿಸಿದ್ದ ಬಿಳಿಯ ಬಟ್ಟೆಯನ್ನು ಸರಿಪಡಿಸುತ್ತಿದ್ದಳು. ಒಮ್ಮೆ ಬಟ್ಟೆ ಜಾರಿತು. ಬೇಯಿಸಿದ ಪುಂಡಿಪಲ್ಯ, ಜೋಳದ ಕಡಬು, ಬೆಳ್ಳುಳ್ಳಿ ಇವುಗಳ ವಾಸನೆ ಒಟ್ಟಾಗಿ ಮೇಲೆದ್ದಿತು. ಅದರ ಬೆನ್ನಿಗೇ ರಸ್ತೆಯ ಬದಿಯ ಎರೆಹೊಲದ ಹಸಿಮಣ್ಣಿನ ವಾಸನೆ ಬಂದಿತು. ಇವೆರಡನ್ನೂ ನಾನು ಒಟ್ಟಿಗೆ ಮೂಸಿದ್ದು ಅದಕ್ಕೆ ಮೊದಲು ಒಂದೇ ಒಂದು ಸಲ. ಗಾಡಿಯ ಕಬ್ಬಿಣದ ಸರಳನ್ನು ಹಿಡಿದಿದ್ದ ನನ್ನ ಕೈ ತಾನಾಗಿಯೇ ಅದನ್ನು ಬಿಟ್ಟುಬಿಟ್ಟಿತು.

ನಮ್ಮ ಸೀಮೆಯವರಲ್ಲದವರಿಗಾಗಿ ಒಂದು ಮಾತು ಹೇಳಬೇಕು. ಸೀಗಿ ಹುಣ್ಣಿಮೆಯ ದಿನ ಒಕ್ಕಲಿನವರು ಮನೆಯಲ್ಲಿ ಬೇಯಿಸಿದ್ದನ್ನೆಲ್ಲ ಒಂದಿಷ್ಟು ಕಲಸಿ, ಹೊಲಕ್ಕೆ ಒಯ್ದು, ನಿಂತ ಬೆಳೆಗೆ ಉಣಿಸುತ್ತಾರೆ. ಇದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಮುಂದೆ ನಡೆಯುವವನು ಒಂದು ಹಿಡಿ ಚೆಲ್ಲಿ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತಾನೆ. ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ಬರುವವನು ‘ಚಲ್ಲಾಂಬ್ರಿಗೋ’ ಎಂದು ಉತ್ತರಿಸುತ್ತಾನೆ. ಊರಿಂದೂರಿಗೆ ಈ ಮಾತುಗಳು ತುಸು ಬದಲಾಗುತ್ತವೆ. ಆದರೆ ಕೂಗಿಗೆ ಉತ್ತರ ಬಾರದ ಊರಿಲ್ಲ.

ಮೇಡ್ಲೇರಿ ರಸ್ತೆಗೆ ನಾನು ಹದಿನೆಂಟು ವರ್ಷಗಳಿಂದ ಕಾಲಿಟ್ಟಿರಲಿಲ್ಲ. ಆ ದಿನ ಹಳೆಯ ವಿದ್ಯಾರ್ಥಿಯೊಬ್ಬನು ಹೊಸ ಮನೆ ಹೊಗುವ ಕಾರ್ಯಕ್ಕೆ ಕರೆದಿದ್ದನು. ಒಲ್ಲೆನೆನ್ನಲು ಕಾರಣ ಸಿಗದೆ ಹೊರಟಿದ್ದೆ.

೨೦೦೬ರಲ್ಲಿ ನಾನು ಹಾವೇರಿಯ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬ್ಯಾಡಗಿಗೆ ಮರಳಿದೆ. ಅವ್ವ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬಂದವಳು ಎರಡೂ ಕೈಗಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂಡುತ್ತಿದ್ದಳು. ಆ ಉರಿಯುವ ಕೈಗಳ ಮೇಲೆ, ಮಣಿಕಟ್ಟಿನಲ್ಲಿ, ಅಜ್ಜಿ ಕೊಟ್ಟಿದ್ದ ಎರಡು ಬಂಗಾರದ ಪಾಟ್ಲಿಗಳಿದ್ದವು. ನಮ್ಮ ಮನೆಯಲ್ಲಿದ್ದ ಆಸ್ತಿ ಅಷ್ಟೇ.

ಬಸಣ್ಣ ಅದೇ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಹಿರಿಯ. ರಾಣೆಬೆನ್ನೂರಿನಲ್ಲಿ ಬಿತ್ತನೆ ಬೀಜ ಮಾರುತ್ತಿದ್ದವನು ಆ ವರ್ಷ ಮೇಡ್ಲೇರಿ ರಸ್ತೆಯ ಒಂದು ಲೇಔಟಿನಲ್ಲಿ ಪ್ಲಾಟು ಮಾರಲು ತೊಡಗಿದ್ದನು. ಕಾಲೇಜಿನಲ್ಲಿ ಎಲ್ಲರ ತಪ್ಪು ತಿದ್ದುತ್ತಿದ್ದೆನೆಂದು ಅವನು ನನ್ನನ್ನು ಕರೆಯುತ್ತಿದ್ದುದೇ ‘ವ್ಯಾಕರಣ’ ಎಂದು.

‘ಏ ವ್ಯಾಕರಣ, ಪಗಾರದಾಗ ಮನಿ ಕಟ್ಟಿಸಿದ ಮಾಸ್ತರನ್ನ ಒಬ್ಬನ್ನರ ನೋಡೀಯೇನು? ಈಗ ಜ್ಯಾಗಾ ಹಿಡಿ. ದೀಪಾವಳಿಗೆ ಬಿಡು. ನಡುವ ನೀ ಮಾಡೂದು ಏನೂ ಇಲ್ಲ, ಕುಂತ ನೋಡೂದು.’

ಬಿ.ಎಡ್. ಸೇರಲು ನನಗೆ ಹಣ ಬೇಕಿತ್ತು. ಅವ್ವನ ಕೈಗೆ ಬಿಡುವು ಬೇಕಿತ್ತು. ನಾನು ವಿಷಯವನ್ನು ಕ್ರಮವಾಗಿ ವಿವರಿಸಿದೆ. ಅವಳು ಕೈಗೆ ಸಾಬೂನು ಹಚ್ಚಿ ಪಾಟ್ಲಿಗಳನ್ನು ಜಾರಿಸಿದಳು. ಕೊಡುವ ಮುಂಚೆ ಒಂದು ಮಾತು ಹೇಳಿದಳು.

‘ನೆಲದಾಗ ಹಾಕಾಕತ್ತೀದಿ. ನೆಲಾ ಕೇಳಿ ಹಾಕಪಾ.’

‘ಕಾಗದಪತ್ರ ನೋಡ್ತಾರವ್ವ. ನೆಲಾ ಏನ್ ಹೇಳತೈತಿ?’

ಅವಳು ಬರಿದಾದ ಮಣಿಕಟ್ಟುಗಳನ್ನು ಒಮ್ಮೆ ಸವರಿಕೊಂಡು ಮಜ್ಜಿಗೆಯ ಬೋಗುಣಿಯತ್ತ ತಿರುಗಿದಳು.

ಕಾಗದಪತ್ರಗಳನ್ನು ನಾನು ನೋಡಿದಷ್ಟು ಎಚ್ಚರದಿಂದ ಆ ಲೇಔಟಿನಲ್ಲಿ ಮತ್ತಾರೂ ನೋಡಿರಲಾರರು. ಖರೀದಿ ಪತ್ರದ ಕರಡಿನಲ್ಲಿ ಹದಿನೇಳು ತಪ್ಪುಗಳನ್ನು ತಿದ್ದಿದೆ. ಹೊಲದ ಹಳೆಯ ಪಹಣಿ ಉತಾರಗಳನ್ನು ತರಿಸಿ ಸಾಲುಸಾಲಾಗಿ ಓದಿದೆ. ನೀರಾವರಿಯ ಕಾಲಮಿನಲ್ಲಿ ‘ಬಾವಿ, ಒಂದು’ ಎಂದು ಬರೆದಿತ್ತು. ಲೇಔಟಿನ ನಕ್ಷೆಯನ್ನೂ ನೋಡಿದೆ. ಅದರಲ್ಲಿ ರಸ್ತೆ, ಗಟಾರ, ಉದ್ಯಾನ ಎಲ್ಲವೂ ಇದ್ದವು. ಬಾವಿ ಇರಲಿಲ್ಲ. ಎರಡೂ ಹಾಳೆಗಳು ಒಂದೇ ಮೇಜಿನ ಮೇಲೆ ನನ್ನ ಮುಂದಿದ್ದವು. ಹದಿನೇಳು ತಪ್ಪುಗಳನ್ನು ಕಂಡ ಕಣ್ಣು, ಒಂದು ಬಾವಿ ಎಲ್ಲಿಗೆ ಹೋಯಿತೆಂದು ಕೇಳಲಿಲ್ಲ.

ಕಾರಹುಣ್ಣಿಮೆಯ ಹೊತ್ತಿಗೆ ಇಪ್ಪತ್ತೇಳನೆಯ ಪ್ಲಾಟು ನನ್ನದಾಯಿತು: ಮೂವತ್ತಡಿ ಅಗಲ, ನಲವತ್ತಡಿ ಉದ್ದ, ಪಶ್ಚಿಮದ ಕೊನೆಯ ಮೂಲೆ.

ಪ್ರತಿ ಭಾನುವಾರ ಹತ್ತು ಗಂಟೆಯ ಬಸ್ಸಿಗೆ ರಾಣೆಬೆನ್ನೂರಿಗೆ ಹೋಗಿ, ಅಲ್ಲಿಂದ ನಡೆದು, ಮಧ್ಯಾಹ್ನಕ್ಕೆ ಪ್ಲಾಟಿಗೆ ಮುಟ್ಟುತ್ತಿದ್ದೆ. ಜೊತೆಗೆ ಅಳತೆಯ ಟೇಪು ಮತ್ತು ಒಂದು ಕಬ್ಬಿಣದ ಸರಳು. ಆರಡಿಯ ಆ ಸರಳಿಗೆ ಅಡಿಗೊಂದರಂತೆ ಕೆಂಪು ಬಣ್ಣದ ಗೆರೆ ಎಳೆದು, ತುದಿಯಲ್ಲಿ ನನ್ನ ಹೆಸರನ್ನು ಊರಿನ ಸಮೇತ ಬರೆದಿದ್ದೆ. ಅಂಗಳದಲ್ಲಿ ಕೂತು ನಾನು ಅದನ್ನು ಬರೆಯುವಾಗ ಅವ್ವ ನಕ್ಕಿದ್ದಳು: ‘ಕೋಲನ್ನೂ ಸಾಲಿಗೆ ಹಾಕ್ತೀಯೇನೋ?’

ಮೂರನೆಯ ಭಾನುವಾರ ಪ್ಲಾಟಿನ ವಾಯವ್ಯ ಮೂಲೆಯ ಗಡಿಕಲ್ಲು ವಾಲಿತ್ತು. ಹೊರಕ್ಕಲ್ಲ, ಪ್ಲಾಟಿನ ಒಳಕ್ಕೆ. ಬಾಗಿ ಏನನ್ನೋ ಇಣುಕಿ ನೋಡುವವರಂತೆ. ನೆಟ್ಟಗೆ ಮಾಡಿ ಮಣ್ಣು ತುಳಿದು ಬಂದೆ. ಮುಂದಿನ ವಾರ ಮತ್ತೆ ಅಷ್ಟೇ ವಾಲಿತ್ತು. ಸಿಮೆಂಟು ಹಾಕಿಸಿದೆ. ಅದರ ಮುಂದಿನ ವಾರ ಸಿಮೆಂಟಿನ ಗಡ್ಡೆಯ ಸಮೇತ ವಾಲಿತ್ತು. ನೈರುತ್ಯದ ಕಲ್ಲೂ ಒಳಗಿನ ಅದೇ ಜಾಗದ ಕಡೆಗೆ ತಲೆ ಬಾಗಿಸಲು ತೊಡಗಿತ್ತು.

ಆ ವರ್ಷ ಶ್ರಾವಣದಲ್ಲಿ ಮಳೆ ಕೈಕೊಟ್ಟಿತು. ಎರೆಮಣ್ಣು ಅಂಗೈ ತೂರುವಷ್ಟು ಅಗಲಕ್ಕೆ ಬಿರಿಯಿತು. ಇಡೀ ಲೇಔಟಿನಲ್ಲಿ ಹುಲ್ಲು ಬೂದುಬಣ್ಣಕ್ಕೆ ತಿರುಗಿದಾಗ ನನ್ನ ಪ್ಲಾಟಿನಲ್ಲಿ ಮಾತ್ರ ಒಂದು ಜಾಗ ಹಸಿರಾಗಿ ಉಳಿಯಿತು. ಅಳೆದು ನೋಡಿದೆ, ಅಡ್ಡ ಹದಿನಾರಡಿ, ಉದ್ದ ಹದಿನಾರಡಿ. ಯಾರೋ ಕೈವಾರ ಹಿಡಿದು ಎಳೆದಂತಹ ದುಂಡು. ಒಂದು ದಿನ ಕುರುಬನೊಬ್ಬನು ಮಂದೆ ಹೊಡೆದುಕೊಂಡು ಬಂದನು. ಹಸಿದ ಕುರಿಗಳು ಹಸಿರಿನ ಅಂಚಿಗೆ ಬಂದು ನಿಂತವು. ಮೂಸಿದವು. ನೀರಿನ ನಡುವಿನ ಬಂಡೆಯನ್ನು ಬಳಸಿ ಹರಿಯುವ ಹೊಳೆಯಂತೆ ಎರಡಾಗಿ ಒಡೆದು, ಆ ದುಂಡನ್ನು ಬಳಸಿ, ಆಚೆಗೆ ಮತ್ತೆ ಒಂದಾದವು. ಒಂದಾದರೂ ಬಾಯಿ ಹಾಕಲಿಲ್ಲ.

‘ಯಾಕ ತಿನ್ನವಲ್ಲವು?’ ಎಂದು ಕೇಳಿದೆ.

‘ಅವನ್ನ ಕೇಳ್ರಿ,’ ಎಂದು ಕುರುಬನು ಮಂದೆಯ ಹಿಂದೆ ಸರಸರನೆ ನಡೆದನು. ಅವನೂ ದುಂಡನ್ನು ಬಳಸಿಯೇ ಹೋದನೆಂಬುದನ್ನು ನಾನು ಗಮನಿಸಿದೆ.

ಬಸಣ್ಣನು ಕೊಳ್ಳುವವರನ್ನು ಕರೆತಂದದ್ದು ಆ ಹಸಿರನ್ನು ತೋರಿಸಿಯೇ. ಇಮಾಮಸಾಬರು ಗುತ್ತಲದವರು. ರಾಣೆಬೆನ್ನೂರಿನ ಬಾಡಿಗೆ ಕೋಣೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಇಪ್ಪತ್ತು ವರ್ಷ ಬಟ್ಟೆ ಹೊಲಿದವರು. ಹೆಂಡತಿ ಖೈರುನ್ಬಿಯೂ ಬಂದಿದ್ದರು. ನಾನು ಟೇಪು ಬಿಚ್ಚಲು ಹೋದಾಗ ಇಮಾಮಸಾಬರು ಕೊರಳಲ್ಲಿದ್ದ ದರ್ಜಿಯ ಪಟ್ಟಿಯನ್ನು ತೆಗೆದರು.

‘ಅಳತಿ ನನಗ ಬಿಡ್ರಿ ಸರ. ನೆಲಕ್ಕೂ ಒಂದ ಅಂಗಿ ಹೊಲದ್ರಾತು.’

‘ನೆಲಾ ಅಂಗಿ ಕೇಳಿಲ್ಲ, ಮನಿ ಕಟ್ಟ್ರಿ ಅಂದೈತಿ,’ ಎಂದು ಖೈರುನ್ಬಿ ನಕ್ಕರು. ಆಮೇಲೆ ಹಸಿರನ್ನು ಕಂಡು ಅದರ ಮೇಲೆ ಬರಿಗಾಲಲ್ಲಿ ನಿಂತರು. ‘ಅಯ್ ಅಲ್ಲಾ, ಎಷ್ಟ್ ತಂಪೈತ್ರಿ ಇಲ್ಲಿ! ಮಲಗೂ ಕೋಣಿ ಇಲ್ಲೇ ಆಗಲಿ.’

ಮುಂಗಡವಾಗಿ ಸಂಚಕಾರ ಕೊಟ್ಟರು. ಸೀಗಿ ಹುಣ್ಣಿಮೆಯ ಮರುದಿನ ನೋಂದಣಿಯೆಂದು ನಿಶ್ಚಯವಾಯಿತು.

ಕೊಡುವ ಮೊದಲು ಕಲ್ಲುಗಳನ್ನು ಕೊನೆಯ ಸಲ ನೆಟ್ಟಗೆ ಮಾಡಬೇಕೆಂದು ಹುಣ್ಣಿಮೆಯ ದಿನ ಮಧ್ಯಾಹ್ನ ಹೋದೆ. ಸುಡುಬಿಸಿಲು. ಲೇಔಟಿನಲ್ಲಿ ನರಪಿಳ್ಳೆಯಿರಲಿಲ್ಲ. ಕಲ್ಲಿನ ಬುಡಕ್ಕೆ ಸರಳು ಹಾಕುತ್ತಿರುವಾಗ ದೂರದ ಪೂರ್ವದ ಅಂಚಿನಿಂದ ಒಂದು ಕೂಗು ಬಂತು.

‘ಹುಲ್ಲುಲ್ಲಿಗೋ…’

ಆ ಕಡೆ ಬೆಳೆಯಿಲ್ಲ. ನಂಬರು ಬರೆದ ಕಲ್ಲುಗಳಷ್ಟೇ ಇವೆ. ಕೂಗಿನ ಹಿಂದೆ, ಒಂದು ಉತ್ತರ ಬರಬೇಕಾದ ಹೊತ್ತಿನಷ್ಟು, ಗಾಳಿ ನಿಂತಿತು. ಆಗ ನನ್ನ ಬೆನ್ನ ಹಿಂದೆ, ಹಸಿರಿನ ಕಡೆಯಿಂದ, ಅಂಗೈಯಿಂದ ಬಾಯಿ ಮುಚ್ಚಿಕೊಂಡು ಆಡಿದಂತಹ ಧ್ವನಿಯಲ್ಲಿ:

‘ಚಲ್ಲಾಂಬ್ರಿಗೋ.’

ತಿರುಗಿದೆ. ಯಾರೂ ಇರಲಿಲ್ಲ. ಲೇಔಟಿನ ಆಚೆಗಿದ್ದ ಗೋದಾಮಿನ ಗೋಡೆಗೆ ತಾಗಿದ ಪ್ರತಿಧ್ವನಿಯೆಂದು ನನಗೆ ನಾನೇ ಹೇಳಿಕೊಂಡೆ. ಪ್ರತಿಧ್ವನಿಯು ಕೂಗಿದ ಮಾತನ್ನೇ ಮರಳಿಸುತ್ತದೆಯೇ ಹೊರತು ಬೇರೊಂದು ಮಾತನ್ನು ಆಡುವುದಿಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು.

ಕೂಗುತ್ತ, ನಿಂತು ಕಾಯುತ್ತ, ಮತ್ತೆ ನಡೆಯುತ್ತ ಒಬ್ಬ ಮುದುಕ ಹತ್ತಿರ ಬಂದನು. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ನೀರಿನ ಕೊಡ. ಬುಟ್ಟಿ ಇಳಿಸಿ ನನ್ನನ್ನು ನೋಡಿದನು.

‘ಎಷ್ಟನೇ ನಂಬರಿನ ಧಣಿ ನೀವು?’

‘ಇಪ್ಪತ್ತೇಳು.’

‘ಹಂಗಾರ ಬಾವಿ ನಿನ್ನ ಪಾಲಿಗೆ ಬಂತು ಬಿಡು ತಮ್ಮಾ.’

ಅವನ ಹೆಸರು ಫಕೀರಪ್ಪ. ಹೊಲ ಅವನ ತಮ್ಮನ ಹೆಸರಿನಲ್ಲಿತ್ತು. ತಮ್ಮನು ಎರಡು ವರ್ಷದ ಹಿಂದೆ ಮಾರಿ ಊರು ಬಿಟ್ಟಿದ್ದನು. ಅವರ ಮುತ್ತಜ್ಜ ತೋಡಿಸಿದ ಬಾವಿಯನ್ನು ಲೇಔಟಿನವರು ಒಂದೇ ವಾರದಲ್ಲಿ ಮುಚ್ಚಿದ್ದರಂತೆ.

‘ಏನ್ ಹಾಕಿ ಮುಚ್ಚಿದ್ರು ಕೇಳು. ಹರಕ ಚೀಲ, ಕೊಳತ ಸೊಪ್ಪಿ, ಮುಳ್ಳಕಂಟಿ. ಮ್ಯಾಲ ಒಂದ ಪದರ ಮಣ್ಣು. ಹಸದವನ ಬಾಯಾಗ ಬಟ್ಟಿ ತುರುಕಿಧಂಗ. ಅದಕ್ಕ ವರ್ಷಾ ನಾ ಬಂದ ಉಣಿಸಿ ಹೋಗ್ತೇನಿ.’

‘ಒಬ್ಬರೇ ಬರ್ತೀರಿ. ಉತ್ತರಾ ಅನ್ನಾಕ ಯಾರೂ ಇಲ್ಲಲ್ಲ?’

‘ಅನ್ನಾಂವ ನನ್ನ ತಮ್ಮ. ಅವ ಬರೂದಿಲ್ಲ. ನಾ ಕೂಗಿ ನಿಲ್ತೇನಿ.’ ಅವನು ನನ್ನ ಮುಖವನ್ನೇ ನೋಡಿದನು. ‘ನಿನಗೇನು ಕೇಳಿಸಲಿಲ್ಲೇನು?’

‘ಇಲ್ಲ,’ ಎಂದೆ.

ಆ ವಾರದಲ್ಲಿ ನಾನು ಆಡಿದ ಮೊದಲ ಸುಳ್ಳು ಅದು.

ಫಕೀರಪ್ಪ ಉಳಿದ ಚರಗವನ್ನೆಲ್ಲ ಹಸಿರಿನ ನಡುವೆ ಇಟ್ಟು, ಕೊಡದ ನೀರನ್ನು ಸುರಿದನು. ಪುಂಡಿಪಲ್ಯದ ವಾಸನೆಯೂ ಹಸಿಮಣ್ಣಿನ ವಾಸನೆಯೂ ಒಟ್ಟಿಗೆ ಎದ್ದವು. ನೀರು ಹರಡಲಿಲ್ಲ. ಒಂದು ಸೀಳಿನೊಳಗೆ ಇಳಿಯಿತು. ಬಹಳ ದಿನ ಬಾಯಾರಿದವನ ಗಂಟಲಿನಂತೆ ಗುಟುಕು ಗುಟುಕಾಗಿ, ಕೊಡ ಬರಿದಾಗುವ ತನಕ ಸದ್ದು ಮಾಡುತ್ತ ಇಳಿಯಿತು. ಅವನು ಹೋದ ಮೇಲೆ ಆ ಸೀಳಿಗೆ ನನ್ನ ಸರಳನ್ನು ಇಟ್ಟು ಒತ್ತಿದೆ. ಒಂದಡಿ, ಎರಡಡಿ. ಮೂರನೆಯ ಕೆಂಪು ಗೆರೆ ಮರೆಯಾದಾಗ ಅಡಿಯಿಂದ ಏನೋ ಹಿಡಿದು ಎಳೆದಂತೆ ಸರಳು ಕೈಬಿಟ್ಟು ಹೋಯಿತು. ನನ್ನ ಹೆಸರು ಕೊನೆಗೆ ಇಳಿಯಿತು. ತಳ ಮುಟ್ಟಿದ ಸದ್ದಿಗಾಗಿ ಕಾದೆ. ಬರಲಿಲ್ಲ.

ನೇರವಾಗಿ ಬಸಣ್ಣನ ಅಂಗಡಿಗೆ ಹೋದೆ. ಖೈರುನ್ಬಿ ಮಲಗುವ ಕೋಣೆ ಕಟ್ಟಬೇಕೆಂದಿದ್ದ ಜಾಗದಡಿಗೇ ಬಾವಿಯಿದೆ ಎಂದೆ.

‘ನಾ ನಿನಗ ಮಾರುವಾಗ ಹೇಳಿದ್ನೇನು?’ ಎಂದನು ಅವನು, ಬೀಜದ ಪಾಕೀಟು ಜೋಡಿಸುತ್ತ. ‘ಇಲ್ಲ. ನೀ ಕೇಳಿದೇನು? ಇಲ್ಲ. ಹಂಗ ಅವರೂ ಕೇಳೂದಿಲ್ಲ. ಕೇಳಲಾರದ ಪ್ರಶ್ನಿಗೆ ಉತ್ತರಾ ಬರ್ಯಾಕ ಹೋಗಬ್ಯಾಡೋ ವ್ಯಾಕರಣ. ನಿಮ್ಮವ್ವನ ಪಾಟ್ಲಿ ನೆನಸ್ಕೋ.’

ಆದರೆ ಅವರು ಕೇಳಿದರು. ಮರುದಿನ ನೋಂದಣಿ ಕಚೇರಿಯ ಬೆಂಚಿನ ಮೇಲೆ, ಹೆಬ್ಬೆರಳಿಗೆ ಮಸಿ ಹಚ್ಚುವ ಮೊದಲು, ಇಮಾಮಸಾಬರು ನನ್ನ ಕಡೆಗೆ ಬಾಗಿದರು.

‘ಸರ, ನೀವು ಕಲತವರು. ಇಪ್ಪತ್ತ ವರ್ಷದ ಹೊಲಿಗಿ ಇದು. ಜ್ಯಾಗಾದ ಬಗ್ಗೆ ಏನರ ಹೇಳೂದಿದ್ರ ಈಗ ಹೇಳಿಬಿಡ್ರಿ.’

ಖೈರುನ್ಬಿ ಸಕ್ಕರೆಯ ಪೊಟ್ಟಣ ಬಿಚ್ಚಿ ಹಿಡಿದಿದ್ದರು. ಅಷ್ಟು ಮಂದಿಯ ಗದ್ದಲದಲ್ಲಿಯೂ ನನಗೆ ನಿನ್ನೆಯ ಆ ಮೌನವೇ ಕೇಳಿಸಿತು: ಕೂಗಿಯಾಗಿದೆ, ಉತ್ತರ ಬರಬೇಕಾಗಿದೆ.

‘ಕಾಗದಪತ್ರ ಎಲ್ಲಾ ಶುದ್ಧ ಅದಾವ್ರಿ,’ ಎಂದೆ.

ನನ್ನ ಬಾಯಿಗೆ ಅವರು ಸಕ್ಕರೆ ಹಾಕಿದರು.

ಬಂದ ಹಣದಲ್ಲಿ ಅವ್ವನಿಗೆ ಮೊದಲಿನವುಗಳಂತಹವೇ ಎರಡು ಪಾಟ್ಲಿಗಳನ್ನು ಮಾಡಿಸಿದೆ. ಉಳಿದದ್ದರಲ್ಲಿ ಬಿ.ಎಡ್. ಸೇರಿದೆ. ಅವ್ವ ಒಂದು ದಿನ ಹಾಕಿಕೊಂಡು, ‘ಭಾಳ ವಜ್ಜಿ ಆಗ್ಯಾವು,’ ಎಂದು ತೆಗೆದು ಟ್ರಂಕಿನಲ್ಲಿಟ್ಟಳು. ಮತ್ತೆಂದೂ ನಾನು ಅವುಗಳನ್ನು ಅವಳ ಕೈಯಲ್ಲಿ ಕಾಣಲಿಲ್ಲ. ಪ್ಲಾಟಿನ ವ್ಯವಹಾರಕ್ಕೆ ಮತ್ತೆ ಕೈಹಾಕಲಿಲ್ಲ. ಹದಿನೈದು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದೆ. ಪ್ರಶ್ನೆ ಕೇಳಿ, ತರಗತಿ ಸುಮ್ಮನಾದಾಗ, ಆ ಮೌನವನ್ನು ಸಹಿಸಲಾರದೆ ಉತ್ತರವನ್ನು ನಾನೇ ಹೇಳಿಬಿಡುತ್ತಿದ್ದೆ. ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ರಾಣೆಬೆನ್ನೂರಿನ ಸುದ್ದಿಯ ಅಂಕಣವನ್ನು ಮೊದಲು ತೆರೆಯುತ್ತಿದ್ದೆ: ಮನೆ ಕುಸಿದ ಸುದ್ದಿಯಿದೆಯೇ? ಮಲಗಿದ್ದವರ ಹೆಸರೇನು? ಅವ್ವ ಐದು ವರ್ಷಗಳ ಹಿಂದೆ ತೀರಿಕೊಂಡಳು. ಟ್ರಂಕಿನಲ್ಲಿ ಪಾಟ್ಲಿಗಳು ಇರಲಿಲ್ಲ. ಕಳುವಾಗಿರಬೇಕೆಂದು ಸುಮ್ಮನಾದೆ.

ಕಳೆದ ಹುಣ್ಣಿಮೆಯ ದಿನ, ಲೇಔಟಿನ ತಿರುವಿನಲ್ಲಿ, ‘ಇಲ್ಲೇ ಇಳಸ್ರಿ,’ ಎಂದೆ.

ಎಲ್ಲ ಕಡೆ ಮನೆಗಳೆದ್ದಿದ್ದವು. ಇಪ್ಪತ್ತೇಳನೆಯದರಲ್ಲಿಯೂ ಒಂದು ಮನೆ ಇತ್ತು. ಆದರೆ ಪ್ಲಾಟಿನ ಪೂರ್ವದ ಅರ್ಧಕ್ಕೆ ಒತ್ತರಿಸಿಕೊಂಡು ಎರಡೇ ಕೋಣೆಗಳ ಕಿರಿದಾದ ಮನೆ. ಪಶ್ಚಿಮದ ಅರ್ಧದಲ್ಲಿ, ಕಲ್ಲು ಕಟ್ಟಿದ ದುಂಡು ಕಟ್ಟೆಯೊಳಗೆ, ಬಾವಿ ಬಾಯಿ ತೆರೆದುಕೊಂಡಿತ್ತು.

ಬಾಗಿಲಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತಿದ್ದ ಮುದುಕಿ ಕನ್ನಡಕ ಏರಿಸಿ ನೋಡಿದರು.

‘ಬರ್ರಿ ಸರ. ಕುಂದ್ರಿ,’ ಎಂದರು ಖೈರುನ್ಬಿ. ನಾನು ಹೋದ ವಾರವಷ್ಟೇ ಬಂದು ಹೋದವನೆಂಬಂತೆ. ‘ಇವರು ಹೋಗಿ ಮೂರ ವರ್ಷಾತು. ನೀವು ಒಂದ ದಿನಾ ಬರ್ತೀರಿ ಅಂತಿದ್ರು.’

‘ನನಗೆ ಗೊತ್ತಿತ್ರಿ,’ ಎಂದೆ. ನಿಂತೇ ಇದ್ದೆ. ‘ಬಾವಿ ಇರೂದು ಗೊತ್ತಿದ್ದ ಮಾರಿದೆ.’

‘ಹೌದಲ್ರಿ. ನಿಮ್ಮ ಹೆಸರ ಸಿಕ್ಕಿತ್ತಲ್ಲ.’ ಅವರು ಬಾವಿಯ ಮೇಲೆ ಎರಡು ಕಂಬಗಳ ನಡುವೆ ಅಡ್ಡವಾಗಿ ರಾಟೆಯ ಗಾಲಿಯನ್ನು ಹೊತ್ತಿದ್ದ ಸರಳನ್ನು ತೋರಿಸಿದರು. ತುಕ್ಕಿನ ನಡುವೆ ಅಲ್ಲಲ್ಲಿ ಕೆಂಪು ಗೆರೆ ಇನ್ನೂ ಉಳಿದಿತ್ತು.

ಬುನಾದಿ ತೋಡುವಾಗ ಗೌಂಡಿಯ ಆಳೊಬ್ಬ ಸೊಂಟದ ತನಕ ಕುಸಿದನಂತೆ. ಹಗ್ಗ ಹಾಕಿ ಎಳೆದರಂತೆ. ಮಣ್ಣು ತೆಗೆಸಿದಾಗ ಮೂರಾಳು ಆಳದಲ್ಲಿ ಸರಳು ಸಿಕ್ಕಿತು. ಅದರ ಮೇಲೆ ಹೆಸರು, ಊರು ಎರಡೂ ಇದ್ದವು.

‘ಅದನ್ನ ಹಿಡಕೊಂಡ ಇವರು ಬ್ಯಾಡಗಿಗೆ ಬಂದಿದ್ರು. ಸಿಟ್ಟ ಅಂದ್ರ ಸಿಟ್ಟ. ಹೊಡದ ಬರ್ತೇನಿ ಅಂದಿದ್ರು. ನೀವು ಕಲಿಯಾಕ ಹೋಗಿದ್ರಂತ. ನಿಮ್ಮ ಅವ್ವಾರು ಅಂಗಳದಾಗ ಕುಂತಿದ್ರಂತ. ಸರಳ ನೋಡಿದ್ರಂತ. ಏನೂ ಕೇಳಲಿಲ್ಲಂತ ಸರ, ಒಂದ ಮಾತ ಕೇಳಲಿಲ್ಲ. ಒಳಗ ಹೋಗಿ ಪಾಟ್ಲಿ ತಂದ ಇವರ ಕೈಯಾಗ ಇಟ್ರಂತ. ಮುಚ್ಚಬ್ಯಾಡ್ರಿ, ತೋಡಸ್ರಿ, ನನ್ನ ಮಗಗ ಹೇಳಬ್ಯಾಡ್ರಿ ಅಂದ್ರಂತ.’

ನಾನು ಬಾವಿಯ ಕಟ್ಟೆಯ ಮೇಲೆ ಕುಳಿತೆ. ಆಳದಲ್ಲಿ ಒಂದು ತುಂಡು ಬಾನು ಅಲುಗುತ್ತಿತ್ತು. ಅವ್ವ ಕೊನೆಗೂ ಅವುಗಳನ್ನು ನೆಲದಲ್ಲಿಯೇ ಹಾಕಿದ್ದಳು, ಕೇಳಿ ಹಾಕಿದ್ದಳು.

ಖೈರುನ್ಬಿ ಒಳಗಿನಿಂದ ಒಂದು ಬುಟ್ಟಿ ತಂದರು. ಮೇಲೆ ಬಿಳಿಯ ಬಟ್ಟೆ.

‘ಫಕೀರಪ್ಪಜ್ಜ ಸಾಯೂ ಮುಂದ ನಮಗ ಒಪ್ಪಿಸಿ ಹ್ವಾದ. ನಾವು ನಮಾಜ ಮಾಡೋರಪಾ ಅಜ್ಜ, ಅಂದ್ರು ಇವರು. ನೀರು ಕುಡಿಯೋರು ಹೌದಲ್ಲೋ, ಅಂದ ಅವ. ವರ್ಷಾ ಇವರು ಕೂಗತಿದ್ರು, ನಾ ಅಂತಿದ್ದೆ. ಈಗ ನಾನ ಕೂಗಬೇಕು.’ ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು. ‘ಹಿಂದ ನಿಂದರ್ರಿ. ನಾ ಕೂಗಿದ ಮ್ಯಾಲ ನೀವು ಅನ್ರಿ.’

ಒಂದು ಹಿಡಿ ಚರಗ ಬಾವಿಯೊಳಗೆ ಬಿತ್ತು. ಅವರ ಸಣ್ಣ ಧ್ವನಿ ಮಧ್ಯಾಹ್ನದ ಬಿಸಿಲಿನಲ್ಲಿ ನಡುಗಿತು.

‘ಹುಲ್ಲುಲ್ಲಿಗೋ…’

ಗಾಳಿ ನಿಂತಿತು. ನಾನು ಬಾಯಿ ತೆರೆದೆ. ನನ್ನ ನಾಲಿಗೆ ಏಳುವ ಮೊದಲೇ, ಕೆಳಗಿನಿಂದ, ಈ ಸಲ ಅಂಗೈ ಅಡ್ಡವಿಲ್ಲದೆ, ಅದು ಬಂದಿತು. ಕೂಗಿದ ಮಾತಲ್ಲ, ಅದಕ್ಕೆ ಸಲ್ಲಬೇಕಾದ ಇನ್ನೊಂದು ಮಾತು.

ಖೈರುನ್ಬಿ ಬೆಚ್ಚಲಿಲ್ಲ. ಬುಟ್ಟಿಯ ಬಟ್ಟೆಯನ್ನು ಮಡಿಸುತ್ತ ನನ್ನ ಕಡೆ ತಿರುಗಿ ಕೇಳಿದರು:

‘ನಿಮಗೂ ಕೇಳಿಸ್ತೇನ್ರಿ ಸರ?’

ತಂಬಿಗೆಯ ನೀರನ್ನು ಬಾವಿಗೆ ಬಿಟ್ಟೆ. ಅದು ತಳ ಮುಟ್ಟಿದ ಸದ್ದು ಬರುವ ತನಕ ಕಾದೆ.

‘ಕೇಳಿಸ್ತ್ರಿ,’ ಎಂದೆ.